ಟರ್ಬೊ ಹೋಯ್ತು ಅಂದರಾ? ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಪೆರೇಸಂದ್ರ ದಾಟಿ ಚಿಕ್ಕಬಳ್ಳಾಪುರದ ಕಡೆ ಬರುತ್ತಿದ್ದೆವು. ಬಾಗೇಪಲ್ಲಿಯಲ್ಲಿ ಗೃಹಪ್ರವೇಶ ಮುಗಿಸಿಕೊಂಡು ಹೊರಟಿದ್ದು, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಕ್ಕಳು, ಡಿಕ್ಕಿಯಲ್ಲಿ ಒಂದು ಮೂಟೆ ಕಡಲೆಕಾಯಿ. ಮುಂದಿದ್ದ ಲಾರಿಯನ್ನು ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಗಾಡಿ ಎಳೆಯಲಿಲ್ಲ. ಒತ್ತಿದಷ್ಟೂ ಬಾನೆಟ್ ಒಳಗಿಂದ, ಎಲ್ಲೋ ದೂರದಲ್ಲಿ ಆಂಬುಲೆನ್ಸ್ ಹೋಗುತ್ತಿರುವ ಹಾಗೆ ಒಂದು ಸದ್ದು ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ನೀಲಿ ಹೊಗೆ. ಊರು ಹತ್ತಿರವೇ ಅಲ್ವಾ ಅಂತ ಹಾಗೇ ಓಡಿಸಿಕೊಂಡು ಬಂದೆ.

ಅದು ಮೊದಲನೇ ತಪ್ಪು. ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ ಅಂದರು, ಹೊಸದು ಹಾಕಿ ಅಂದೆ, ಹಾಕಿದರು. ಹಳೆಯದು ಯಾಕೆ ಹೋಯಿತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. 19ನೇ ದಿನಕ್ಕೆ ಹೊಸ ಟರ್ಬೊ ಕೂಡ ಅದೇ ಸೈರನ್ ಹೊಡೆಯಿತು. ಕಾರಣ ಒಂದು ಸಣ್ಣ ಪೈಪು. ಅದರ ಬಗ್ಗೆ ಮುಂದೆ ಹೇಳುತ್ತೇನೆ. ನಿಮಗೆ ಎರಡು ಸಲ ದುಡ್ಡು ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟರ್ಬೊ ಅಂದರೆ ಏನು ಅಂತ ನಾಲ್ಕು ಮಾತು, ಇದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಎಂಜಿನ್‌ಗೆ ತುಂಬುತ್ತದೆ. ನಡುವೆ ಗಾಳಿಯನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್ ಇರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ಪುಟ್ಟ ಶಾಫ್ಟ್ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ. ಅಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಮುಗಿಯಿತು. ಹಾಗಾಗಿ ಶಾಫ್ಟ್ ಬೇರಿಂಗ್ ಒಳಗೆ ತೆಳ್ಳಗಿನ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆ ಆಯಿಲ್ ಬರುವುದು ಎಂಜಿನ್ನಿಂದಲೇ. ಆಯಿಲ್ ಕಡಿಮೆಯಾದರೂ ಕಷ್ಟ, ಕೊಳಕಾದರೂ ಕಷ್ಟ, ತಡವಾಗಿ ಬಂದರೂ ಕಷ್ಟ.

ರಸ್ತೆಯಲ್ಲೇ ಆದರೆ

ಸೈರನ್ ಸದ್ದು ಮತ್ತು ನೀಲಿ ಹೊಗೆ ಎರಡೂ ಇದ್ದರೆ ಎಡಕ್ಕೆ ತೆಗೆದುಕೊಂಡು ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ ಅಂತ. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಟೋ ಖರ್ಚು ಜಾಸ್ತಿ ಅನ್ನಿಸಬಹುದು, ಆದರೆ ಟರ್ಬೊ ಚಕ್ರದ ಚೂರು ಎಂಜಿನ್ ಒಳಗೆ ಹೋದರೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಆಯಿಲ್ ಸರಿಯಾಗಿದೆ, ಬರೀ ಪಿಕಪ್ ಇಲ್ಲ ಅಂದರೆ ಮೆಲ್ಲಗೆ, ಟ್ಯಾಕೊಮೀಟರ್ ಮುಳ್ಳು 2,000 ದಾಟದ ಹಾಗೆ, ಹತ್ತಿರದ ಗ್ಯಾರೇಜಿಗೆ ಹೋಗಬಹುದು.

ಡೀಸೆಲ್ ಗಾಡಿ ಇರುವವರು ಇದೊಂದು ವಿಷಯ ಮನೆಯಲ್ಲಿ ಓಡಿಸುವ ಎಲ್ಲರಿಗೂ ಹೇಳಿಡಿ. ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ಆಯಿಲ್ ಗಾಳಿಯ ದಾರಿಗೆ ಸುರಿಯುತ್ತದೆ, ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ತನ್ನಷ್ಟಕ್ಕೆ ತಾನೇ ಓಡಲು ಶುರುಮಾಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ರೇಸ್ ಏರುತ್ತಲೇ ಹೋಗುತ್ತದೆ, ಸುತ್ತಲೂ ಹೊಗೆ. ಯಾವಾಗಲೋ ಒಮ್ಮೆ ಆಗುವಂಥದ್ದು, ಆದರೆ ಆದಾಗ ಯೋಚಿಸಲು ಸಮಯ ಇರುವುದಿಲ್ಲ. ಮ್ಯಾನುವಲ್ ಗೇರ್ ಆದರೆ ಗಾಡಿ ನಿಲ್ಲಿಸಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಿ. ಎಂಜಿನ್ ಕಟ್ ಆಗಿ ನಿಲ್ಲುತ್ತದೆ. ಆಟೊಮ್ಯಾಟಿಕ್‌ನಲ್ಲಿ ಈ ದಾರಿ ಇಲ್ಲ. ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಎತ್ತಿ ಕೈಯಿಂದಲೋ ಬಟ್ಟೆಯಿಂದಲೋ ಗಾಳಿ ಪೈಪು ಮುಚ್ಚಲು ಹೋಗಬೇಡಿ, ಒಳಗೆ ಎಳೆದುಕೊಂಡುಬಿಡುತ್ತದೆ.

ನಿಜವಾಗಲೂ ಟರ್ಬೊನಾ?

ಪಿಕಪ್ ಇಲ್ಲ ಅಂದ ತಕ್ಷಣ ಟರ್ಬೊ ಹೋಗಿದೆ ಅಂತ ಒಪ್ಪಿಕೊಳ್ಳಬೇಡಿ. ಚಿಂತಾಮಣಿಯಲ್ಲಿ ಟೊಮೆಟೊ ವ್ಯಾಪಾರ ಮಾಡುವ ನಮ್ಮ ಭಾವನ ಗಾಡಿಗೆ ಹೀಗೇ ಟರ್ಬೊ ಹೋಗಿದೆ ಅಂದಿದ್ದರು. ದುಡ್ಡು ಹೊಂದಿಸಿಕೊಂಡು ಎರಡು ದಿನ ಬಿಟ್ಟು ತರುತ್ತೇನೆ ಅಂತ ಭಾವ ಗಾಡಿ ವಾಪಸ್ ತಂದಿದ್ದರು. ನಮ್ಮ ಮನೆ ಮುಂದೆ ಬಾನೆಟ್ ಎತ್ತಿ ಟಾರ್ಚ್ ಹಾಕಿದರೆ, ಇಂಟರ್‌ಕೂಲರ್ ಹೋಸ್ ತನ್ನ ಜಾಗದಿಂದ ಅರ್ಧ ಜಾರಿ ನಿಂತಿತ್ತು. ಕ್ಲಾಂಪ್ ಸಡಿಲ. ಹೊಸ ಕ್ಲಾಂಪ್ ಹಾಕಿ ಬಿಗಿ ಮಾಡಿದೆವು, ಗಾಡಿ ಮೊದಲಿನ ಹಾಗೇ ಎಳೆಯಿತು.

ಹಾಗಾಗಿ ಎಂಜಿನ್ ತಣ್ಣಗಾದ ಮೇಲೆ ಏರ್ ಫಿಲ್ಟರ್ ಡಬ್ಬಿಯಿಂದ ಶುರುಮಾಡಿ, ಗಾಳಿ ಹೋಗುವ ದಾರಿಯನ್ನೇ ಹಿಡಿದು ಒಂದೊಂದು ಹೋಸ್ ಮುಟ್ಟುತ್ತಾ ಹೋಗಿ: ಫಿಲ್ಟರಿನಿಂದ ಟರ್ಬೊಗೆ, ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ. ಕೈ ಕೆಳಗೆ ಹಾಕಿ ಹೋಸಿನ ಅಡಿಭಾಗ ಸವರಿ ನೋಡಿ, ಬಿರುಕು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ ಬಿಟ್ಟಿರುತ್ತದೆ. ಒಂದೇ ಜಾಗದಲ್ಲಿ ಆಯಿಲ್ ಜಿಡ್ಡಿಗೆ ಧೂಳು ಅಂಟಿಕೊಂಡು ಕಪ್ಪು ಪಟ್ಟಿ ಆಗಿದ್ದರೆ ಗಾಳಿ ಅಲ್ಲಿಂದಲೇ ಸೋರುತ್ತಿದೆ. ಹೋಸ್ ಸೋರಿದರೆ ಸಾಮಾನ್ಯವಾಗಿ ಡೀಸೆಲ್ ಗಾಡಿಯಲ್ಲಿ ಬರುವುದು ಕಪ್ಪು ಹೊಗೆ, ಜೊತೆಗೆ ಆಕ್ಸಿಲರೇಟರ್ ಒತ್ತಿದಾಗ ಬುಸ್ ಅನ್ನುವ ಸದ್ದು. ನೀಲಿ ಹೊಗೆಗೂ ಕಪ್ಪು ಹೊಗೆಗೂ ಇರುವ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಕಪ್ಪು ಅಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ, ಅಷ್ಟೇ.

ಕೆಲವು ಗಾಡಿಗಳಲ್ಲಿ ಟರ್ಬೊ ಎಷ್ಟು ಗಾಳಿ ತುಂಬಬೇಕು ಅನ್ನುವುದನ್ನು ಹಿಡಿತದಲ್ಲಿಡುವ ಆಕ್ಚುಯೇಟರಿಗೆ ಪೆನ್ಸಿಲ್ ದಪ್ಪದ ಸಣ್ಣ ವ್ಯಾಕ್ಯೂಮ್ ಪೈಪು ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ರಾಗಿ ಹುಲ್ಲಿನ ಬಣವೆ ಪಕ್ಕದಲ್ಲೇ ಕಾರು ನಿಲ್ಲಿಸುತ್ತೇವಲ್ವಾ, ಇಲಿಗಳು ಎಂಜಿನ್ ಬಿಸಿಗೆ ಬಂದು ಸೇರಿಕೊಂಡು ಇದನ್ನೇ ಕಡಿಯುತ್ತವೆ. ಆ ಪೈಪಿನ ಉದ್ದಕ್ಕೂ ಬೆರಳಾಡಿಸಿ. ಏರ್ ಫಿಲ್ಟರನ್ನೂ ಬಿಚ್ಚಿ ನೋಡಿ, ಕ್ವಾರಿ ಲಾರಿ ಓಡಾಡುವ ರಸ್ತೆಯಲ್ಲಿ ದಿನಾ ಹೋಗುವವರ ಫಿಲ್ಟರ್ ಸರ್ವಿಸ್ ತನಕ ಕಾಯುವುದಿಲ್ಲ.

ಇದೆಲ್ಲ ಸರಿಯಾಗಿದ್ದರೆ ಸ್ಕ್ಯಾನರ್ ಹಾಕಿಸಿ. ಪಿ0299 ಅಂತ ಕೋಡ್ ಬಂದರೆ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಕಡಿಮೆ ಇದೆ ಅಂತ, ಪಿ0234 ಬಂದರೆ ಬೂಸ್ಟ್ ಜಾಸ್ತಿ ಆಗಿದೆ ಅಂತ. ಅಷ್ಟೇ ಅರ್ಥ. ಪಿ0299 ನೋಡಿ ಟರ್ಬೊ ಸತ್ತಿದೆ ಅಂತ ಯಾರೂ ಹೇಳುವ ಹಾಗಿಲ್ಲ, ಮೇಲೆ ಹೇಳಿದ ಸಡಿಲ ಕ್ಲಾಂಪಿಗೂ ಅದೇ ಕೋಡ್ ಬರುತ್ತದೆ. ಸ್ಕ್ಯಾನರ್ ಹಾಕಿದವರನ್ನು ಲೈವ್ ಡೇಟಾ ತೋರಿಸಲು ಕೇಳಿ. ಎಂಜಿನ್ ಕೇಳುತ್ತಿರುವ ಬೂಸ್ಟ್ ಎಷ್ಟು, ಸಿಗುತ್ತಿರುವುದು ಎಷ್ಟು ಅಂತ ಓಡಿಸುತ್ತಾ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಆನ್ ಆಫ್ ಮಾಡಿದರೆ ಸರಿಹೋಗುತ್ತದೆ, ಮತ್ತೆ ಹೈವೇಯಲ್ಲಿ ಸ್ಪೀಡ್ ಏರಿದಾಗ ಚೆಕ್ ಲೈಟ್ ಬಂದು ಪಿಕಪ್ ಹೋಗುತ್ತದೆ ಅನ್ನುವವರು ವಿಜಿಟಿ ಟರ್ಬೊ ಇದೆಯಾ ನೋಡಿಕೊಳ್ಳಿ. ಇದರ ಒಳಗೆ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ರೆಕ್ಕೆಗಳಿವೆ. ಊರೊಳಗೇ ಮೆಲ್ಲಗೆ ಓಡಿಸಿ ಓಡಿಸಿ ಕಾರ್ಬನ್ ಕಟ್ಟಿ ಅವು ಅಂಟಿಕೊಳ್ಳುತ್ತವೆ. ಶಾಫ್ಟ್ ಚೆನ್ನಾಗಿದ್ದರೆ ಬಿಚ್ಚಿ ಕ್ಲೀನ್ ಮಾಡಿದರೆ ಸಾಕಾಗುತ್ತದೆ, ಹೊಸದು ಬೇಕಾಗಿಲ್ಲ.

ಬೆರಳಿಗೆ ಗೊತ್ತಾಗುವ ಪರೀಕ್ಷೆ

ಇದನ್ನು ಗ್ಯಾರೇಜಿನವರ ಜೊತೆ ನಿಂತು ನೀವೇ ಮಾಡಿ ನೋಡಿ ಅನ್ನುವುದು ನನ್ನ ಸಲಹೆ. ಎಂಜಿನ್ ಆಫ್ ಆಗಿ ಕನಿಷ್ಠ ಒಂದೆರಡು ಗಂಟೆ ಆಗಿರಬೇಕು, ಟರ್ಬೊ ಮೈ ಸುಡುವಷ್ಟು ಬಿಸಿ ಇರುತ್ತದೆ. ಏರ್ ಫಿಲ್ಟರ್ ಕಡೆಯಿಂದ ಟರ್ಬೊಗೆ ಬರುವ ಹೋಸ್ ಬಿಚ್ಚಿದರೆ ಒಳಗೆ ಹೊಳೆಯುವ ಅಲ್ಯುಮಿನಿಯಂ ಚಕ್ರ, ಅದರ ನಡುವೆ ಒಂದು ಸಣ್ಣ ನಟ್ ಕಾಣುತ್ತದೆ. ಆ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ತಿರುಗಿಸಿದರೆ ಎಲ್ಲೂ ಸಿಕ್ಕಿಕೊಳ್ಳದೆ ನುಣ್ಣಗೆ ತಿರುಗಬೇಕು. ಈಗ ಹೊರಕ್ಕೆ ಎಳೆಯಿರಿ, ಒಳಕ್ಕೆ ನೂಕಿ. ಈ ಕಡೆ ಆಟ ಕೈಗೆ ಗೊತ್ತಾಗುವಷ್ಟು ಇರಬಾರದು, ಟಕ್ ಟಕ್ ಅಂತ ಹಿಂದೆ ಮುಂದೆ ಬಂದರೆ ಬೇರಿಂಗ್ ಹೋಗಿದೆ. ಆಮೇಲೆ ಪಕ್ಕಕ್ಕೆ ಅಲುಗಿಸಿ. ಪಕ್ಕಕ್ಕೆ ಸ್ವಲ್ಪ ಆಟ ಇದ್ದೇ ಇರುತ್ತದೆ, ಎಂಜಿನ್ ನಿಂತಾಗ ಆಯಿಲ್ ಪದರ ಇರುವುದಿಲ್ಲವಾದ್ದರಿಂದ. ಅದನ್ನೇ ತೋರಿಸಿ ಹೆದರಿಸಿದರೆ ಹೆದರಬೇಡಿ. ಪಕ್ಕಕ್ಕೆ ಒತ್ತಿ ಹಿಡಿದು ತಿರುಗಿಸಿದಾಗ ರೆಕ್ಕೆಯ ತುದಿ ಗೋಡೆಗೆ ಉಜ್ಜುತ್ತದಾ, ಅದು ಮುಖ್ಯ. ಟಾರ್ಚ್ ಹಾಕಿ ರೆಕ್ಕೆಗಳ ಅಂಚು ನೋಡಿ. ತುದಿ ಮುರಿದಿದ್ದರೆ, ಬಾಗಿದ್ದರೆ, ಗೋಡೆಯಲ್ಲಿ ಉಂಗುರದ ಹಾಗೆ ಗೀರು ಬಿದ್ದಿದ್ದರೆ ಟರ್ಬೊ ಹೋಗಿರುವುದು ನಿಜ. ಹೋಸ್ ಬಿಚ್ಚಿರುವಾಗ ಯಾರೂ ಸೆಲ್ಫ್ ಹೊಡೆಯದ ಹಾಗೆ ಕೀ ನಿಮ್ಮ ಜೇಬಿನಲ್ಲೇ ಇರಲಿ.

ಹೋಸ್ ಒಳಗೆ ತೆಳ್ಳಗೆ ಆಯಿಲ್ ಪಸೆ ಇದ್ದರೆ ತಪ್ಪಿಲ್ಲ, ಎಂಜಿನ್ ಒಳಗಿನ ಆವಿ ಹೊರಗೆ ಬಿಡುವ ಬ್ರೀದರಿನಿಂದ ಅಷ್ಟು ಬರುತ್ತದೆ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಯೋಚಿಸಬೇಕು. ಆಗಲೂ ಟರ್ಬೊದೇ ತಪ್ಪು ಅಂತ ಅಲ್ಲ. ಟರ್ಬೊ ಒಳಗಿನ ಆಯಿಲ್ ತನ್ನ ಭಾರಕ್ಕೆ ತಾನೇ ಇಳಿದು ರಿಟರ್ನ್ ಪೈಪಿನಲ್ಲಿ ಆಯಿಲ್ ಚೇಂಬರಿಗೆ ವಾಪಸ್ ಹೋಗಬೇಕು. ಆ ಪೈಪು ಕಟ್ಟಿಕೊಂಡಿದ್ದರೆ, ಅಥವಾ ಬ್ರೀದರ್ ಮುಚ್ಚಿ ಎಂಜಿನ್ ಒಳಗೆ ಒತ್ತಡ ಏರಿದ್ದರೆ, ಚೆನ್ನಾಗಿರುವ ಸೀಲಿನಿಂದಲೂ ಆಯಿಲ್ ಹೊರಗೆ ಬರುತ್ತದೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಿ: ಗುಪ್ ಗುಪ್ ಅಂತ ಜೋರಾಗಿ ಹೊಗೆ ತಳ್ಳುತ್ತಿದ್ದರೆ ಮೊದಲು ಬ್ರೀದರ್ ನೋಡಿಸಿ, ಅದು ಸರಿಯಿದ್ದರೆ ಎಂಜಿನ್ನಿನ ಪಿಸ್ಟನ್ ರಿಂಗ್ ಸವೆದಿರಬಹುದು. ಅಂಥ ಎಂಜಿನ್‌ಗೆ ಹೊಸ ಟರ್ಬೊ ಹಾಕಿದರೆ ಅದೂ ಆಯಿಲ್ ಉಗುಳುತ್ತದೆ.

ಯಾಕೆ ಹೋಯಿತು? ಇದನ್ನು ಬಿಡಲೇಬೇಡಿ

ಹಳೆ ಟರ್ಬೊ ಬಿಚ್ಚಿದ ಮೇಲೆ ಕೈಗೆ ತೆಗೆದುಕೊಳ್ಳಿ. ಬೇರಿಂಗ್, ಶಾಫ್ಟ್ ಸುಟ್ಟು ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಸಿಕ್ಕಿಲ್ಲ. ಶಾಫ್ಟ್ ಮೇಲೆ ಸುತ್ತಲೂ ಗೀರುಗಳಿದ್ದರೆ ಆಯಿಲ್ ಕೊಳಕಾಗಿತ್ತು. ಗಾಳಿ ಕಡೆಯ ರೆಕ್ಕೆ ಹಾಳಾಗಿದ್ದರೆ ಫಿಲ್ಟರ್ ದಾಟಿ ಏನೋ ಒಳಗೆ ಹೋಗಿದೆ, ಕಲ್ಲುಪುಡಿಯೋ, ಯಾರೋ ಮರೆತ ನಟ್ಟೋ. ಹೊಗೆ ಕಡೆಯ ರೆಕ್ಕೆ ಮುರಿದಿದ್ದರೆ ಎಂಜಿನ್ ಒಳಗಿಂದಲೇ ಏನೋ ಕಳಚಿ ಬಂದಿದೆ, ಅಲ್ಲಿಗೇ ಕೆಲಸ ನಿಲ್ಲಿಸಿ ಅದನ್ನು ಹುಡುಕಿಸಬೇಕು.

ನಮ್ಮದರಲ್ಲಿ ಶಾಫ್ಟ್ ನೀಲಿಯಾಗಿತ್ತು. ಎರಡನೇ ಸಲ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ವಯಸ್ಸಾದವರು, ಟರ್ಬೊ ಕಡೆ ನೋಡಲೂ ಇಲ್ಲ, ಮೊದಲು ಟರ್ಬೊಗೆ ಆಯಿಲ್ ತರುವ ಫೀಡ್ ಪೈಪ್ ಬಿಚ್ಚಿದರು. ಕಿರುಬೆರಳಿಗಿಂತ ಸಣ್ಣ ಉಕ್ಕಿನ ಪೈಪು ಅದು, ತುದಿಯಲ್ಲಿ ನಡುವೆ ತೂತಿರುವ ಬ್ಯಾಂಜೊ ಬೋಲ್ಟ್. ಬೋಲ್ಟನ್ನು ಬೆಳಕಿಗೆ ಹಿಡಿದು, "ನೋಡಪ್ಪಾ, ಈ ಕಡೆಯಿಂದ ಆ ಕಡೆಗೆ ಬೆಳಕು ಕಾಣುತ್ತಾ?" ಅಂದರು. ಕಾಣಲಿಲ್ಲ. ಹೊಲಿಗೆ ಸೂಜಿ ತರಿಸಿ ಚುಚ್ಚಿದರು, ಒಳಗೆ ಹೋಗಲಿಲ್ಲ, ಬದಲಿಗೆ ಕರ್ರಗಿನ ಇದ್ದಿಲು ಚೂರು ಅಂಗೈ ಮೇಲೆ ಉದುರಿತು. ಹಳೆ ಆಯಿಲ್ ಟರ್ಬೊ ಬಿಸಿಗೆ ಸುಟ್ಟು ಸುಟ್ಟು ಹಾಗೆ ಗಟ್ಟಿಯಾಗಿತ್ತು. ಮೊದಲ ಗ್ಯಾರೇಜಿನವರು ಹೊಸ ಟರ್ಬೊಗೆ ಅದೇ ಪೈಪು, ಅದೇ ಬೋಲ್ಟ್ ಹಾಕಿದ್ದರು. ಸಾವಿರಾರು ರೂಪಾಯಿಯ ಟರ್ಬೊ 19 ದಿನ ಹೆಚ್ಚುಕಮ್ಮಿ ಆಯಿಲ್ ಇಲ್ಲದೆ ತಿರುಗಿದೆ. ವಾರಂಟಿ ಕೇಳಿದರೆ ಫೀಡ್ ಪೈಪ್ ಹೊಸದು ಹಾಕಿದ ಬಿಲ್ ತನ್ನಿ ಅಂದರು. ಬಿಲ್ ಎಲ್ಲಿಂದ ತರುವುದು?

ಆದ್ದರಿಂದ ಪೈಪು, ಬೋಲ್ಟ್, ವಾಷರ್ ಮೂರೂ ಹೊಸದು. ಹಳೆಯದನ್ನೇ ಕ್ಲೀನ್ ಮಾಡಿ ಹಾಕುತ್ತೇವೆ ಅಂದರೆ ಒಪ್ಪಬೇಡಿ, ಒಳಗೆ ಸಡಿಲವಾದ ಕಾರ್ಬನ್ ನೇರವಾಗಿ ಹೊಸ ಬೇರಿಂಗಿಗೆ ಬರುತ್ತದೆ. ಕೆಲವು ಗಾಡಿಗಳ ಬೋಲ್ಟ್ ಒಳಗೆ ಸಣ್ಣ ಜಾಲರಿ ಇರುತ್ತದೆ, ಕಟ್ಟಿಕೊಳ್ಳುವುದು ಮೊದಲು ಅದೇ.

ಹೊಸದಾ, ಕೋರ್ ಮಾತ್ರನಾ?

ನಾಲ್ಕು ದಾರಿ ಇವೆ. ಪೂರ್ತಿ ಹೊಸ ಟರ್ಬೊ. ಕಾರ್ಖಾನೆಯಲ್ಲೇ ಮತ್ತೆ ಕಟ್ಟಿದ ಟರ್ಬೊ. ಹೊರಗಿನ ಕವಚ ಉಳಿಸಿಕೊಂಡು ಶಾಫ್ಟ್, ಚಕ್ರ, ಬೇರಿಂಗ್ ಇರುವ ನಡುವಿನ ಕೋರ್ ಅಸೆಂಬ್ಲಿ ಮಾತ್ರ ಬದಲಿಸುವುದು. ಕೊನೆಯದು ಗುಜರಿಯಿಂದ ತಂದದ್ದು, ಇದು ಬೇಡವೇ ಬೇಡ, ಅದೂ ಯಾವುದೋ ಗಾಡಿಯಲ್ಲಿ ಯಾವ ಆಯಿಲ್ ಕುಡಿದಿತ್ತೋ ಗೊತ್ತಿರುವುದಿಲ್ಲ. ಕವಚಕ್ಕೆ ಬಿರುಕಿಲ್ಲ, ರೆಕ್ಕೆ ಗೋಡೆಗೆ ಆಳವಾಗಿ ಉಜ್ಜಿಲ್ಲ ಅಂದರೆ ಕೋರ್ ಬದಲಿಸುವುದು ಒಳ್ಳೆಯದೇ, ಖರ್ಚೂ ಸಾಕಷ್ಟು ಉಳಿಯುತ್ತದೆ. ಒಂದು ಷರತ್ತು: ಆ ಕೋರ್ ಮೆಷಿನ್ ಮೇಲೆ ಬ್ಯಾಲೆನ್ಸ್ ಆಗಿರಬೇಕು. ಲಕ್ಷ ಸುತ್ತು ತಿರುಗುವ ಶಾಫ್ಟಿಗೆ ಕಣ್ಣಿಗೆ ಕಾಣದಷ್ಟು ತೂಕದ ವ್ಯತ್ಯಾಸವೂ ಸಾಕು. ಬ್ಯಾಲೆನ್ಸ್ ಮಾಡಿದ ರಿಪೋರ್ಟ್ ಕೇಳಿ ಪಡೆಯಿರಿ. ಬರೀ ಬೇರಿಂಗ್, ಸೀಲ್ ಕಿಟ್ ಹಾಕಿ ಕೈಯಲ್ಲೇ ಜೋಡಿಸಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ವಿಜಿಟಿ ಆದರೆ ರೆಕ್ಕೆಗಳ ಸೆಟ್ಟಿಂಗ್ ಕೂಡ ಮೆಷಿನ್ನಿನಲ್ಲೇ ಆಗಬೇಕು, ರೆಕ್ಕೆಗಳು ಎಲ್ಲಿಗೆ ನಿಲ್ಲಬೇಕು ಅಂತ ಹಿಡಿಯುವ ಸಣ್ಣ ಸ್ಟಾಪ್ ಸ್ಕ್ರೂವನ್ನು ಯಾರೂ ಸ್ಪ್ಯಾನರ್ ಹಾಕಿ ತಿರುಗಿಸಬಾರದು.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತರುವುದಾದರೆ ಗಾಡಿ ಹೆಸರು ಹೇಳಿ ಕೊಳ್ಳಬೇಡಿ. ಟರ್ಬೊ ಮೈಮೇಲಿನ ತಗಡಿನ ನಂಬರ್ ಫೋಟೊ ತೆಗೆದುಕೊಂಡು ಹೋಗಿ. 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಎಷ್ಟೋ ಕಂಪನಿಯ ಗಾಡಿಗಳಲ್ಲಿ ಬಂದಿದೆ, ಆದರೆ 75 ಹಾರ್ಸ್‌ಪವರಿನದಕ್ಕೆ ಸಾದಾ ಟರ್ಬೊ, 90ರದಕ್ಕೆ ವಿಜಿಟಿ. ಹೆಸರು ಹೇಳಿದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ವಾರಂಟಿ ಷರತ್ತು ಅಲ್ಲೇ ಓದಿ.

ಇನ್ಶೂರೆನ್ಸ್ ಬರುತ್ತಾ ಅಂತ ಕೇಳುತ್ತಾರೆ. ಸವೆದು ಹೋದದ್ದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದರೆ ಬೇರೆ ಮೆಕ್ಯಾನಿಕ್ ಕೈಹಾಕುವ ಮೊದಲೇ ಶೋರೂಮಿಗೆ ಫೋನ್ ಮಾಡಿ.

ಕೂರಿಸುವ ದಿನ

ಆ ದಿನ ರಜೆ ಹಾಕಿ ಜೊತೆಗೇ ಇರಿ. ಹೊಸ ಎಂಜಿನ್ ಆಯಿಲ್, ಹೊಸ ಆಯಿಲ್ ಫಿಲ್ಟರ್, ಹೊಸ ಏರ್ ಫಿಲ್ಟರ್ ಇಲ್ಲದೆ ಟರ್ಬೊ ಕೂರಿಸಬಾರದು. ಹಳೆ ಆಯಿಲ್ ಇಳಿಸಿದಾಗ ಗಂಜಿಯಂತೆ ಮಂದವಾಗಿದ್ದರೆ ಚೇಂಬರ್ ಬಿಚ್ಚಿಸಿ, ಒಳಗಿನ ಸ್ಟ್ರೈನರ್ ಜಾಲರಿ ಕಟ್ಟಿದೆಯಾ ನೋಡಿಸಿ. ಇಂಟರ್‌ಕೂಲರ್ ಇಳಿಸಿ ತೊಳೆದು ಪೂರ್ತಿ ಒಣಗಿಸಬೇಕು, ಹಳೆ ಚಕ್ರ ಮುರಿದಿದ್ದರೆ ಆ ಚೂರುಗಳು, ಮುರಿಯದಿದ್ದರೂ ಸೋರಿದ ಆಯಿಲ್ ಅದರ ತಳದಲ್ಲೇ ಕೂತಿರುತ್ತದೆ. ಗ್ಯಾಸ್ಕೆಟ್‌ಗಳೆಲ್ಲ ಹೊಸದು. ಆಯಿಲ್ ಪೈಪ್ ಕೂರುವ ಕಡೆ ಗ್ಯಾಸ್ಕೆಟ್ ಪೇಸ್ಟ್ ಬಳಿಯಲು ಬಿಡಬೇಡಿ, ಒಳಗೆ ಹಿಂಡಿಕೊಂಡ ಪೇಸ್ಟ್ ತುಂಡಾಗಿ ಆಯಿಲ್ ತೂತಿಗೇ ಅಡ್ಡ ಬರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಐದು ನಿಮಿಷ. ಫೀಡ್ ಪೈಪ್ ಜೋಡಿಸುವ ಮೊದಲು ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ಸುರಿದು, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಆಮೇಲೆ ಪೈಪ್ ಜೋಡಿಸಿ, ಇಂಜೆಕ್ಟರ್ ಕನೆಕ್ಟರ್ ತೆಗೆದು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಹತ್ತು ಸೆಕೆಂಡಿನ ಹಾಗೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು. ಇಷ್ಟಾದರೆ ಮೊದಲ ಸುತ್ತಿನಿಂದಲೇ ಶಾಫ್ಟಿಗೆ ಆಯಿಲ್ ಸಿಗುತ್ತದೆ. "ಅಣ್ಣಾ, ಆಯಿಲ್ ಹಾಕಿ ತಿರುಗಿಸಿದ ಮೇಲೆ ಪೈಪ್ ಟೈಟ್ ಮಾಡೋಣ" ಅಂತ ಮರ್ಯಾದೆಯಿಂದಲೇ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಐಡಲ್‌ನಲ್ಲೇ ಬಿಡಿ. ರೇಸ್ ಮಾಡಿ ಸದ್ದು ಕೇಳುವ ಆತುರ ಬೇಡ. ಅಷ್ಟರಲ್ಲಿ ಪೈಪಿನ ಜಾಯಿಂಟ್‌ಗಳನ್ನು ಟಾರ್ಚ್ ಹಾಕಿ ನೋಡಿ.

ಮೊದಲ ಅರ್ಧ ಗಂಟೆ ಹೊಗೆ ಬಂದರೆ ಗಾಬರಿಯಾಗಬೇಡಿ, ಸೈಲೆನ್ಸರ್ ಒಳಗೆ ಕೂತ ಹಳೆ ಆಯಿಲ್ ಸುಡುತ್ತದೆ. ಆಮೇಲೂ ನಿಲ್ಲದಿದ್ದರೆ ರಿಟರ್ನ್ ಪೈಪ್ ಮತ್ತು ಬ್ರೀದರ್ ಮತ್ತೆ ನೋಡಿಸಿ.

ಆಮೇಲೆ

ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಸಮತಟ್ಟಾದ ಕಡೆ ಇರುವಾಗ ಡಿಪ್‌ಸ್ಟಿಕ್ ನೋಡಿ. ಆಯಿಲ್ ಗ್ರೇಡ್ ಗಾಡಿ ಪುಸ್ತಕದಲ್ಲಿ ಬರೆದದ್ದೇ ಇರಲಿ. ಕಿಲೋಮೀಟರ್ ಆಗದಿದ್ದರೂ ತಿಂಗಳ ಲೆಕ್ಕಕ್ಕೆ ಬದಲಿಸಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ದಾರಿಗೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವುದರಿಂದ ಆಯಿಲ್ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು, ಅದು ಕಟ್ಟಿಕೊಂಡರೆ ಟರ್ಬೊಗೂ ಹೊರೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ, ಎಂಜಿನ್ ಬಿಸಿಯಾಗುವ ತನಕ ಜೋರಾಗಿ ಒತ್ತಬೇಡಿ. ನಂದಿ ಬೆಟ್ಟ 1,478 ಮೀಟರ್ ಎತ್ತರ, ಜನ ತುಂಬಿಕೊಂಡು ಸೆಕೆಂಡ್ ಗೇರಿನಲ್ಲಿ ಆ ತಿರುವುಗಳನ್ನೆಲ್ಲ ಹತ್ತಿ ಮೇಲೆ ಹೋದ ತಕ್ಷಣ ಕೀ ತೆಗೆದುಬಿಡುತ್ತೇವೆ. ಆಗ ಟರ್ಬೊ ಕೆಂಡದಂತೆ ಇರುತ್ತದೆ, ಎಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಂತು ಇದ್ದಲ್ಲೇ ಸುಟ್ಟು ಇದ್ದಿಲಾಗುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಅಷ್ಟರಲ್ಲಿ ಮಕ್ಕಳು ಇಳಿದು ಚಪ್ಪಲಿ ಹುಡುಕಿಕೊಳ್ಳುತ್ತಾರೆ. ಹೈವೇಯಲ್ಲಿ ಜೋರಾಗಿ ಬಂದು ಟೀ ಅಂಗಡಿ ಮುಂದೆ ನಿಲ್ಲಿಸುವಾಗಲೂ ಹೀಗೆಯೇ.

ಹೊಸ ಟರ್ಬೊ ಕೂತು ಸಾವಿರ ಕಿಲೋಮೀಟರ್ ಆದ ಮೇಲೆ ಹೋಸ್ ಕ್ಲಾಂಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಅದೇ ನಟ್ಟನ್ನು ಅದೇ ಎರಡು ಬೆರಳಲ್ಲಿ ಹಿಡಿದು ನೋಡಿ. ನಮ್ಮ ಮೂರನೇ ಟರ್ಬೊಗೆ ಈಗ ಎರಡು ವರ್ಷ ದಾಟಿದೆ. ಹೋದ ಭಾನುವಾರ ಹೋಸ್ ಬಿಚ್ಚಿದ್ದೆ. ಒಳಗೆ ತೆಳ್ಳಗಿನ ಪಸೆ ಮಾತ್ರ ಇತ್ತು, ಚಕ್ರ ನುಣ್ಣಗೆ ತಿರುಗಿತು, ಎಳೆದರೆ ಅಲುಗಲಿಲ್ಲ.